ಕ್ಯಾನ್ಸರ್ ರಿಪೋರ್ಟ್‌ನ ಜರ್ಮನ್‌ನಿಂದ ಇಂಗ್ಲಿಷ್‌ಗೆ ಮಾಡೋದು ಹೇಗೆ: ದೊಡ್ಡ ಪದಕ್ಕಲ್ಲ, ಸಣ್ಣ ಪದಕ್ಕೆ ಹೆದರಿ

ಒಂದಿನ ರಾತ್ರಿ ಹತ್ತೂವರೆಗೆ ಫೋನ್ ಬಂತು. ಮಂಡ್ಯ ಕಡೆ ಹುಡುಗ, ಇಲ್ಲಿ ಜರ್ಮನಿಯಲ್ಲಿ ಸಾಫ್ಟ್‌ವೇರ್ ಕೆಲಸ, ಹೆಂಡತಿಗೆ ಆರೇಳು ತಿಂಗಳಿಂದ ಟ್ರೀಟ್‌ಮೆಂಟ್ ನಡೀತಿತ್ತು. "ಅಣ್ಣಾ, ಹೊಸ ಸ್ಕ್ಯಾನ್ ರಿಪೋರ್ಟ್ ಬಂತು, ಪ್ರೋಗ್ರೆಸ್ ಅಂತ ಹಾಕಿದಾರೆ, ಊರಲ್ಲಿ ಅತ್ತೆ ಮಾವಂಗೆ ಹುಷಾರಾಗ್ತಿದೆ ಅಂತ ಹೇಳ್ಬಿಟ್ಟೆ, ಸರಿ ತಾನೆ?" ನಂಗೆ ಬಾಯಿ ಒಣಗೋಯ್ತು. "ತಡಿಯಪ್ಪ, ಮೊದ್ಲು ಫೋಟೋ ಕಳ್ಸು" ಅಂದೆ, ಕಳ್ಸಿದ, ನೋಡಿದ್ರೆ ಅದೇ ಆಗಿತ್ತು. ಜರ್ಮನ್ ಡಾಕ್ಟ್ರು ಪ್ರೋಗ್ರೆಸ್ ಅಂತ ಬರೆದ್ರೆ ಮುಂದುವರಿದಿರೋದು ಪೇಷಂಟ್ ಅಲ್ಲ, ಕಾಯಿಲೆ. ಇಂಗ್ಲಿಷ್‌ನಲ್ಲಿ ಅದನ್ನ ಪ್ರೋಗ್ರೆಶನ್ ಅಂತ ಬರೀಬೇಕು, ಪ್ರೋಗ್ರೆಸ್ ಅಂತ ಹಾಗೇ ಬಿಟ್ರೆ ಓದೋರಿಗೆ ಸುಧಾರಣೆ ಅಂತಾನೇ ಅನ್ಸೋದು. ಅಕ್ಷರ ಎಲ್ಲ ಒಂದೇ, ಅರ್ಥ ಮಾತ್ರ ಪೂರ್ತಿ ಉಲ್ಟಾ.

ಇಲ್ಲಿರೋ ನಮ್ಮೋರು ಜರ್ಮನ್ ಆಸ್ಪತ್ರೆ ಕಾಗದಗಳನ್ನ ಇಂಗ್ಲಿಷ್‌ಗೆ ಮಾಡಿಸ್ಕೊಂಡು ಬೆಂಗಳೂರಲ್ಲೋ ಮಂಗಳೂರಲ್ಲೋ ಇರೋ ಡಾಕ್ಟ್ರಿಗೆ ಸೆಕೆಂಡ್ ಒಪೀನಿಯನ್‌ಗೆ ಕಳ್ಸೋದು ಮಾಮೂಲು, ಊರಿಂದ ಬಂದೋರು ಕಿದ್ವಾಯಿ ಥರದ ಆಸ್ಪತ್ರೆಯ ಇಂಗ್ಲಿಷ್ ಫೈಲ್ ತಂದು ಇಲ್ಲಿನ ಡಾಕ್ಟ್ರಿಗೆ ಜರ್ಮನ್‌ನಲ್ಲಿ ಕೊಡ್ಬೇಕು ಅನ್ನೋದೂ ಇದೆ. ಎರಡೂ ಕಡೆಯ ಕೆಲಸ ತುಂಬಾ ವರ್ಷದಿಂದ ಮಾಡ್ತಿದೀನಿ, ತಪ್ಪೂ ಮಾಡಿದೀನಿ, ಅದಕ್ಕೇ ಇದನ್ನ ಬರೀತಿರೋದು. ಜರ್ಮನ್ ಪದಗಳ ಉಚ್ಚಾರಣೆ ಇಲ್ಲಿ ಹತ್ತತ್ರ ಅಷ್ಟೇ, ಸ್ಪೆಲಿಂಗ್ ನಿಮ್ಮ ಕಾಗದದಲ್ಲೇ ನೋಡ್ಕೊಳಿ.

ಮೊದ್ಲು ಒಂದು ಧೈರ್ಯದ ಮಾತು. ಉದ್ದುದ್ದ ಜರ್ಮನ್ ಪದ ನೋಡಿ ಎಲ್ರೂ ಗಾಬರಿ ಆಗ್ತಾರೆ, ಆದ್ರೆ ಕನ್ನಡದೋರಿಗೆ ಅದು ಕಷ್ಟಾನೇ ಅಲ್ಲ, ಯಾಕಂದ್ರೆ ಅದು ನಾವು ಸ್ಕೂಲಲ್ಲಿ ಬಿಡಿಸಿದ ಸಮಾಸಾನೇ. ಕೊನೇ ಪದ ಮುಖ್ಯ, ಹಿಂದಿನಿಂದ ಬಿಡಿಸ್ಕೊಂಡು ಬನ್ನಿ. ಗೆಬೇರ್‌ಮುಟರ್‌ಹಾಲ್ಸ್‌ಕ್ರೆಬ್ಸ್ ಅನ್ನೋದನ್ನ ನೋಡಿ: ಕೊನೇಲಿ ಕ್ರೆಬ್ಸ್ ಅಂದ್ರೆ ಕ್ಯಾನ್ಸರ್, ಅದರ ಹಿಂದೆ ಹಾಲ್ಸ್ ಅಂದ್ರೆ ಕುತ್ತಿಗೆ, ಅದರ ಹಿಂದೆ ಗೆಬೇರ್‌ಮುಟರ್ ಅಂದ್ರೆ ಗರ್ಭಕೋಶ. ಏನಾಯ್ತು? ಗರ್ಭಕಂಠದ ಕ್ಯಾನ್ಸರ್! ನಮ್ಮ ಪದ ಅವರ ಪದ ಒಂದೇ ಅಚ್ಚಲ್ಲಿ ಎರಕ ಹೊಯ್ದಂಗಿದೆ. ಷ್ಪೈಸೆ ಅಂದ್ರೆ ಊಟ, ರ್ಯೋರೆ ಅಂದ್ರೆ ಕೊಳವೆ, ಸೇರಿದ್ರೆ ಅನ್ನನಾಳ. ಡಿಕ್‌ಡಾರ್ಮ್ ಅಂದ್ರೆ ದಪ್ಪ ಕರುಳು, ನಮ್ಮ ದೊಡ್ಡ ಕರುಳು. ಬೌಖ್‌ಷ್ಪೈಶೆಲ್‌ಡ್ರ್ಯೂಸೆ ನೋಡಿದ್ರೆ ತಲೆ ತಿರುಗುತ್ತೆ, ಬಿಡಿಸಿದ್ರೆ ಹೊಟ್ಟೆ, ಎಂಜಲು, ಗ್ರಂಥಿ, ಅಂದ್ರೆ ಪ್ಯಾಂಕ್ರಿಯಾಸ್, ನಮ್ಮ ಮೇದೋಜೀರಕ ಗ್ರಂಥಿ. ಕ್ರೆಬ್ಸ್ ಅನ್ನೋ ಪದಕ್ಕೇನೇ ಏಡಿ ಅನ್ನೋ ಅರ್ಥ ಇದೆ, ನಮ್ಮ ಹಳೇ ಪುಸ್ತಕಗಳಲ್ಲಿ ಏಡಿಗಂತಿ ಅಂತ ಬರೀತಿದ್ರಲ್ಲ, ಅದೇ ಏಡಿ.

ಆದ್ರೆ ಇಲ್ಲೇ ಒಂದು ಗುಂಡಿ ಇದೆ. ಜರ್ಮನ್‌ನಲ್ಲಿ ಒಂದೊಂದು ಕಾಯಿಲೆಗೂ ಎರಡೆರಡು ಹೆಸರು, ಮನೆಮಾತಿನದು ಒಂದು, ಲ್ಯಾಟಿನ್-ಗ್ರೀಕ್‌ನದು ಒಂದು. ಪೇಷಂಟ್ ಜೊತೆ ಮಾತಾಡೋವಾಗ ಬ್ರುಸ್ಟ್‌ಕ್ರೆಬ್ಸ್ ಅಂತಾರೆ, ಅದೇ ಡಾಕ್ಟ್ರು ಇನ್ನೊಬ್ಬ ಡಾಕ್ಟ್ರಿಗೆ ಬರೆಯೋ ಪತ್ರ, ಅಂದ್ರೆ ಆರ್ಟ್ಸ್‌ಟ್‌ಬ್ರೀಫ್ ಅಂತಾರಲ್ಲ, ಅದರಲ್ಲಿ ಮಾಮ್ಮಾಕಾರ್ಟ್ಸಿನೋಮ್ ಅಂತ ಬರೀತಾರೆ. ಗರ್ಭಕಂಠದ್ದು ಪತ್ರದಲ್ಲಿ ಟ್ಸೆರ್ವಿಕ್ಸ್‌ಕಾರ್ಟ್ಸಿನೋಮ್ ಆಗುತ್ತೆ, ಅಂಡಾಶಯದ್ದು ಓವಾರಿಯಾಲ್‌ಕಾರ್ಟ್ಸಿನೋಮ್, ಶ್ವಾಸಕೋಶದ್ದು ಬ್ರೊಂಕಿಯಾಲ್‌ಕಾರ್ಟ್ಸಿನೋಮ್. ಜರ್ಮನ್‌ನಿಂದ ಇಂಗ್ಲಿಷ್‌ಗೆ ಬರೋವಾಗ ಇದು ತೊಂದರೆ ಕೊಡಲ್ಲ, ಬ್ರೊಂಕಿಯಾಲ್‌ದನ್ನ ಲಂಗ್ ಕ್ಯಾನ್ಸರ್ ಅಂತ ಮಾಡಿದ್ರೆ ಆಯ್ತು. ಇಂಗ್ಲಿಷ್‌ನಿಂದ ಜರ್ಮನ್‌ಗೆ ಹೋಗೋವಾಗ ಮಾತ್ರ ಓದೋರು ಯಾರು ಅಂತ ಮೊದ್ಲೇ ತೀರ್ಮಾನ ಮಾಡ್ಕೊಳಿ. ಡಾಕ್ಟ್ರ ಪತ್ರದಲ್ಲಿ ಮನೆಮಾತಿನ ಪದ ತುಂಬಿಸಿದ್ರೆ, ಆಪರೇಶನ್ ನೋಟ್‌ನಲ್ಲಿ ಹೊಟ್ಟೆ ಕುಯ್ದು ಗಡ್ಡೆ ಕಿತ್ರು ಅಂತ ಬರ್ದಂಗಿರುತ್ತೆ.

ಇಂಗ್ಲಿಷ್‌ನ ಸರ್ವೈಕಲ್ ಅನ್ನೋ ಪದ ಬಂದ್ರೆ ನಿಂತು ನೋಡಿ. ಸರ್ವೈಕಲ್ ಕ್ಯಾನ್ಸರ್ ಗರ್ಭಕಂಠದ್ದು, ಸರ್ವೈಕಲ್ ನೋಡ್ಸ್ ಕುತ್ತಿಗೆಯ ಲಿಂಫ್ ಗಂಟು, ಸರ್ವೈಕಲ್ ಸ್ಪೈನ್ ಕುತ್ತಿಗೆ ಮೂಳೆ. ಜರ್ಮನ್‌ನಲ್ಲಿ ಮೂರಕ್ಕೂ ಬೇರೆ ಬೇರೆ ಪದ: ಟ್ಸೆರ್ವಿಕ್ಸ್, ಹಾಲ್ಸ್‌ಲಿಂಫ್‌ಕ್ನೋಟೆನ್, ಹಾಲ್ಸ್‌ವಿರ್ಬೆಲ್‌ಸೋಯ್ಲೆ. ಬಾಯಿ ಕ್ಯಾನ್ಸರ್ ಫೈಲ್‌ನಲ್ಲಿ ಗರ್ಭಕಂಠ ನುಗ್ಗಿಸೋದು ಅಂದ್ರೆ ಇದೇ, ಮಷೀನ್ ಟ್ರಾನ್ಸ್‌ಲೇಶನ್ ಕೈಗೆ ಒಂಟಿ ವಾಕ್ಯ ಕೊಟ್ರೆ ಹೀಗಾಗೋದಕ್ಕೆ ಪೂರ್ತಿ ಅವಕಾಶ ಇದೆ.

ಈಗ ನನ್ನ ಸ್ವಂತ ತಪ್ಪು. ಕೆಲಸ ಶುರು ಮಾಡಿದ ಹೊಸತು, ಒಬ್ಬರ ಎದೆ ಸಿಟಿ ರಿಪೋರ್ಟ್. ಅದರಲ್ಲಿದ್ದ ಸಾಲು ಇಂಥದ್ದು: ಲೆಬರ್ ಉನ್‌ಔಫ್‌ಫೆಲಿಶ್, ಕೈನ್ ಆನ್‌ಹಾಲ್ಟ್ ಫ್ಯೂರ್ ಫಿಲಿಯೇ, ಡಿಸ್ಕ್ರೇಟರ್ ರುಂಡ್‌ಹೆರ್ಡ್ ರೆ. ಉಂಟರ್‌ಲಾಪೆನ್, ಆಮ್ ಏಎಸ್ಟೆನ್ ಪೋಸ್ಟ್‌ಎಂಟ್‌ಟ್ಸ್ಯುಂಡ್‌ಲಿಶ್, ಕೊಂಟ್ರೋಲೆ ಇನ್ 3 ಮೋನಾಟೆನ್. ನಾನು ಆ ಡಿಸ್ಕ್ರೇಟರ್ ಅನ್ನೋದನ್ನ ನೋಡಿ, ಇದೇನು ಇಂಗ್ಲಿಷ್ ಪದಾನೇ ಅಲ್ವಾ ಅಂತ ಡಿಸ್ಕ್ರೀಟ್ ನಾಡ್ಯೂಲ್ ಅಂತ ಬರೆದೆ. ಇಂಗ್ಲಿಷ್ ರೇಡಿಯಾಲಜಿಯಲ್ಲಿ ಡಿಸ್ಕ್ರೀಟ್ ಅಂದ್ರೆ ಸ್ಪಷ್ಟವಾಗಿ ಬೇರೆಯಾಗಿ ಕಾಣೋ ಗಂಟು. ಜರ್ಮನ್‌ನಲ್ಲಿ ಡಿಸ್ಕ್ರೇಟ್ ಅಂದ್ರೆ ಸೂಕ್ಷ್ಮವಾಗಿ, ಕಂಡೂ ಕಾಣದ ಹಾಗೆ ಅಂತ. ಬೆಂಗಳೂರಿನ ಡಾಕ್ಟ್ರು ಸ್ಪಷ್ಟವಾದ ಗಂಟಿದ್ರೆ ಮೂರು ತಿಂಗಳು ಯಾಕೆ ಕಾಯ್ತಾರೆ ಇವರು ಅಂತ ಕೇಳಿ ಕಳ್ಸಿದ್ರು, ಆ ಮನೆಯೋರು ಒಂದು ವಾರ ನಿದ್ದೆಗೆಟ್ರು. ಗಂಟು ಇದ್ದದ್ದು ನನ್ನ ಇಂಗ್ಲಿಷ್‌ನಲ್ಲಿ.

ಅದೇ ಸಾಲನ್ನ ಈಗ ಹೇಗೆ ಮಾಡ್ತೀನಿ ಅಂತ ಹೇಳ್ತೀನಿ, ಯಾಕಂದ್ರೆ ಇಷ್ಟೂ ಪಾಠ ಆ ಒಂದು ಸಾಲಲ್ಲೇ ಇದೆ. ಉನ್‌ಔಫ್‌ಫೆಲಿಶ್ ಅಂದ್ರೆ ಕಣ್ಣಿಗೆ ಹೊಡೆಯೋದು ಏನಿಲ್ಲ ಅಂತ, ಇಂಗ್ಲಿಷ್‌ನಲ್ಲಿ ಅನ್‌ರಿಮಾರ್ಕಬಲ್, ನಾರ್ಮಲ್ ಅಂತ ಬರೀಬೇಡಿ, ರೇಡಿಯಾಲಜಿಸ್ಟ್ ಅಷ್ಟು ಹೇಳಿಲ್ಲ. ಫಿಲಿಯೇ ಅಂದ್ರೆ ಲ್ಯಾಟಿನ್‌ನಲ್ಲಿ ಹೆಣ್ಣುಮಕ್ಕಳು, ಜರ್ಮನ್ ಡಾಕ್ಟ್ರುಗಳ ಬಾಯಲ್ಲಿ ಮೆಟಾಸ್ಟಾಸಿಸ್, ಕ್ಯಾನ್ಸರ್ ಬೇರೆ ಕಡೆಗೆ ಹರಡಿರೋದು. ಮನೆಮಾತಲ್ಲೂ ಟೋಖ್ಟರ್‌ಗೆಷ್ವುಲ್‌ಸ್ಟ್ ಅಂತಾರೆ, ಮಗಳು-ಗಡ್ಡೆ. ಯಾರು ಈ ಹೆಸರಿಟ್ರೋ ಅವರಿಗೆ ಹೆಣ್ಣುಮಕ್ಕಳ ಮೇಲೆ ಏನು ಸಿಟ್ಟಿತ್ತೋ. ರುಂಡ್‌ಹೆರ್ಡ್ ಇನ್ನೂ ಮಜಾ, ಹೆರ್ಡ್ ಅಂದ್ರೆ ಅಡುಗೆಮನೆ ಒಲೆ, ಅದೇ ಸ್ಪೆಲಿಂಗ್ ಇಂಗ್ಲಿಷ್‌ನಲ್ಲಿ ದನದ ಮಂದೆ, ರಿಪೋರ್ಟ್‌ನಲ್ಲಿ ಮಾತ್ರ ಕಾಯಿಲೆ ಕೂತಿರೋ ಜಾಗ, ಶ್ವಾಸಕೋಶದಲ್ಲಿ ರುಂಡ್‌ಹೆರ್ಡ್ ಅಂದ್ರೆ ನಾಡ್ಯೂಲ್. ರೆ. ಅನ್ನೋದು ರೆಖ್ಟ್ಸ್, ಬಲ. ಲಿ. ಅನ್ನೋದು ಲಿಂಕ್ಸ್, ಎಡ. ಉಂಟರ್‌ಲಾಪೆನ್ ಲೋವರ್ ಲೋಬ್, ಶ್ವಾಸಕೋಶದ ಕೆಳ ಹಾಲೆ. ಕೊಂಟ್ರೋಲೆ ಅಂದ್ರೆ ಕಂಟ್ರೋಲ್ ಅಲ್ಲ, ಮತ್ತೆ ಬಂದು ತೋರಿಸ್ಕೊಳೋದು, ಫಾಲೋ-ಅಪ್. ಒಟ್ಟು ಅರ್ಥ ಹೀಗೆ: ಲಿವರ್‌ನಲ್ಲಿ ಗಮನ ಸೆಳೆಯೋ ಅಂಥದ್ದೇನಿಲ್ಲ, ಹರಡಿರೋದಕ್ಕೆ ಕುರುಹಿಲ್ಲ, ಬಲ ಕೆಳ ಹಾಲೆಯಲ್ಲಿ ಸೂಕ್ಷ್ಮವಾದ ಒಂದು ಗಂಟು, ಬಹುತೇಕ ಹಿಂದೆ ಆಗಿದ್ದ ಇನ್‌ಫ್ಲಮೇಶನ್‌ನ ಗುರುತು, ಮೂರು ತಿಂಗಳಿಗೆ ಮತ್ತೆ ನೋಡೋಣ.

ಈ ಬಹುತೇಕ, ಕುರುಹಿಲ್ಲ ಅನ್ನೋ ಸಣ್ಣ ಪದಗಳಿದ್ಯಲ್ಲ, ಇಡೀ ಕೆಲಸ ಇರೋದು ಅಲ್ಲೇ. ಪೇಷಂಟ್‌ನ ಮುಂದಿನ ದಾರಿ ನಿರ್ಧಾರ ಆಗೋದು ಕಾರ್ಟ್ಸಿನೋಮ್ ಅನ್ನೋ ಪದದಿಂದ ಎಷ್ಟೋ, ಅದರ ಹಿಂದೆ ಎಷ್ಟು ಅನುಮಾನ ಅಂಟಿಸಿದಾರೆ ಅನ್ನೋದ್ರಿಂದಲೂ ಅಷ್ಟೇ. ಗೆಸಿಶೆರ್ಟ್ ಅಂದ್ರೆ ಖಚಿತ, ಕನ್‌ಫರ್ಮ್ಡ್. ಫೆರ್‌ಡಾಖ್ಟ್ ಔಫ್ ಅಂದ್ರೆ ಅನುಮಾನ, ಸಸ್ಪೆಕ್ಟೆಡ್, ಇದನ್ನ ವಿ.ಎ. ಅಂತ ಎರಡಕ್ಷರದಲ್ಲಿ ಬರೀತಾರೆ, ಆ ಎರಡಕ್ಷರ ಬಿಟ್ರೆ ಅನುಮಾನ ಇದ್ದೋರಿಗೆ ಕ್ಯಾನ್ಸರ್ ಬಂದೇಬಿಡ್ತು ಅಂತಾಗುತ್ತೆ. ಆಮ್ ಏಎಸ್ಟೆನ್ ಅಂದ್ರೆ ಮೋಸ್ಟ್ ಲೈಕ್ಲಿ. ಫೆರ್‌ಐನ್‌ಬಾರ್ ಮಿಟ್ ಅಂದ್ರೆ ಹೊಂದುತ್ತೆ ಅಂತ ಅಷ್ಟೇ, ಕಂಪ್ಯಾಟಿಬಲ್ ವಿತ್, ಅದೇ ಅಂತಲ್ಲ. ಫ್ರಾಗ್‌ಲಿಶ್ ಅಂದ್ರೆ ಹೌದೋ ಅಲ್ಲವೋ ಅನ್ನೋದು, ಕ್ವೆಶ್ಚನಬಲ್. ನಿಶ್ಟ್ ಔಸ್‌ಟ್ಸುಷ್ಲೀಸೆನ್ ಅಂದ್ರೆ ಅಲ್ಲಗಳೆಯೋಕಾಗಲ್ಲ. ಔಸ್‌ಗೆಷ್ಲೋಸ್ಸೆನ್ ಅಂದ್ರೆ ಇಲ್ಲವೇ ಇಲ್ಲ ಅಂತ ತೀರ್ಮಾನ ಆಗಿದೆ. ಕೈನ್ ಆನ್‌ಹಾಲ್ಟ್ ಫ್ಯೂರ್, ಕೈನ್ ನಾಖ್‌ವೈಸ್ ಫೋನ್, ಇವೆರಡೂ ನೋ ಎವಿಡೆನ್ಸ್ ಆಫ್. ಮೆಟಾಸ್ಟಾಸಿಸ್ ಇಲ್ಲ ಅನ್ನೋದಕ್ಕೂ ಮೆಟಾಸ್ಟಾಸಿಸ್‌ನ ಕುರುಹು ಕಾಣ್ಲಿಲ್ಲ ಅನ್ನೋದಕ್ಕೂ ವ್ಯತ್ಯಾಸ ಇದೆ, ಮಳೆ ಬಂದಿಲ್ಲ ಅನ್ನೋದಕ್ಕೂ ನಾನು ನೋಡ್ದಾಗ ಅಂಗಳ ಒಣಗಿತ್ತು ಅನ್ನೋದಕ್ಕೂ ಇರೋಷ್ಟೇ ವ್ಯತ್ಯಾಸ. ಮನೆಯೋರ ಮುಖ ನೋಡಿ ಕನಿಕರ ಬಂದು ಇಲ್ಲ ಅಂತ ಬರ್ದುಬಿಡೋಣ ಅನ್ಸುತ್ತೆ, ನಂಗೂ ಅನ್ಸಿದೆ, ಬರೀಬೇಡಿ. ಪತ್ರದಲ್ಲಿ ಇರೋ ಅನುಮಾನ ಕಡಿಮೇನೂ ಮಾಡ್ಬಾರ್ದು ಜಾಸ್ತೀನೂ ಮಾಡ್ಬಾರ್ದು.

ಹೆಂಗೆ ಮಾಡೋದು ಅಂದ್ರೆ, ಅನುವಾದ ಶುರು ಮಾಡೋಕ್ಕಿಂತ ಮುಂಚೆ ಒಂದು ಹೈಲೈಟರ್ ಇಟ್ಕೊಂಡು ಇಡೀ ಕಾಗದದಲ್ಲಿ ಈ ಅನುಮಾನದ ಪದಗಳಿಗೆ ಮಾತ್ರ ಬಣ್ಣ ಹಚ್ಚಿ. ಆಮೇಲೆ ನಿಮ್ಮ ಇಂಗ್ಲಿಷ್ ಕಾಪಿಯಲ್ಲೂ ಹಚ್ಚಿ. ಎರಡರಲ್ಲೂ ಬಣ್ಣದ ಲೆಕ್ಕ ಒಂದೇ ಬರ್ಬೇಕು. ಜರ್ಮನ್‌ನಲ್ಲಿ ಏಳು, ಇಂಗ್ಲಿಷ್‌ನಲ್ಲಿ ಐದು ಬಂದ್ರೆ ಎರಡು ಕಡೆ ಯಾರ್ದೋ ಹಣೆಬರಹ ತಿದ್ದಿದೀರ ಅಂತರ್ಥ.

ಇದೇ ಜಾತಿಯ ಇನ್ನೊಂದು ಮೋಸಗಾರ ಎವೆಂಟುಯೆಲ್. ಇಂಗ್ಲಿಷ್‌ನ ಇವೆಂಚುವಲಿ ಥರ ಕಾಣುತ್ತೆ, ಅರ್ಥ ಇರೋದು ಬಹುಶಃ ಅಂತ. ಎವೆಂಟುಯೆಲ್ ಆಪರೇಶನ್ ಅಂದ್ರೆ ಮಾಡಿದ್ರೂ ಮಾಡ್ಬಹುದು, ಕೊನೆಗೆ ಮಾಡೇ ಮಾಡ್ತೀವಿ ಅಂತಲ್ಲ. ಆಕ್ಟುಯೆಲ್ ಅಂದ್ರೆ ಸದ್ಯಕ್ಕೆ, ಆಕ್ಚುವಲಿ ಅಲ್ಲ. ಡೆಟ್ಸೆಂಟ್ ಅಂದ್ರೆ ಸ್ವಲ್ಪವೇ ಸ್ವಲ್ಪ, ಡೀಸೆಂಟ್ ಅಲ್ಲ. ಆಂಬುಲಾನ್ಸ್ ಅಂದ್ರೆ ಹೊರರೋಗಿ ವಿಭಾಗ, ನಮ್ಮ ಓಪಿಡಿ, ಕೂಗ್ಕೊಂಡು ಬರೋ ಗಾಡಿ ಅಲ್ಲ. ಷ್ಟಾಟ್ಸಿಯೋನೇರ್ ಅಂದ್ರೆ ಅಡ್ಮಿಟ್ ಆಗಿ. ಕೂರ್ ಅಂದ್ರೆ ವಾಸಿಯಾಗೋದಲ್ಲ, ಟ್ರೀಟ್‌ಮೆಂಟ್ ಮುಗಿದ ಮೇಲೆ ಚೇತರಿಸ್ಕೊಳೋಕೆ ಊರಾಚೆ ಆರಾಮಧಾಮದಂಥ ಜಾಗಕ್ಕೆ ಹೋಗೋದು. ಬಿಲ್‌ನಲ್ಲಿ ಕೂರ್ ಅಂತ ನೋಡಿ ಕಾಯಿಲೆ ವಾಸಿ ಅಂತ ಸಿಹಿ ಹಂಚೋಕೆ ಹೊರಟೋರನ್ನ ನಾನು ತಡೆದಿದೀನಿ.

ಕಾಯಿಲೆ ಹೆಸರಲ್ಲೇ ಮೋಸ ಮಾಡೋವು ಕಡಿಮೆ, ಆದ್ರೆ ಇರೋವು ಭಾರಿ. ಪ್ಲಾಸ್ಮೊಟ್ಸಿಟೋಮ್ ಅಂತ ಜರ್ಮನ್ ಪತ್ರದಲ್ಲಿ ಬಂದ್ರೆ ಎಷ್ಟೋ ಸಲ ಅದು ಮಲ್ಟಿಪಲ್ ಮೈಲೋಮ, ಅಂದ್ರೆ ಮೂಳೆಮಜ್ಜೆಯ ಒಂದು ಕ್ಯಾನ್ಸರ್, ಇಂಗ್ಲಿಷ್‌ನಲ್ಲಿ ಪ್ಲಾಸ್ಮಸೈಟೋಮ ಅಂದ್ರೆ ಮಾತ್ರ ಒಂದೇ ಕಡೆ ಕೂತಿರೋ ಗಡ್ಡೆ, ಎರಡಕ್ಕೂ ಟ್ರೀಟ್‌ಮೆಂಟ್ ಬೇರೆ. ಪತ್ರದ ಉಳಿದ ಭಾಗ ಓದಿ ಯಾವ್ದು ಅಂತ ತಿಳ್ಕೊಳಿ, ತಿಳೀದಿದ್ರೆ ಬರ್ದ ಡಾಕ್ಟ್ರನ್ನೇ ಕೇಳಿಸಿ. ವೈಸರ್ ಹೌಟ್‌ಕ್ರೆಬ್ಸ್ ಅಂದ್ರೆ ಬಿಳಿ ಚರ್ಮದ ಕ್ಯಾನ್ಸರ್ ಅಂತ ಪದಶಃ ಬರುತ್ತೆ, ಹಾಗೆ ಇಂಗ್ಲಿಷ್‌ಗೆ ಮಾಡಿದ್ರೆ ಬಿಳಿಯರಿಗೆ ಬರೋ ಕ್ಯಾನ್ಸರ್ ಅಂತ ಓದ್ಕೋತಾರೆ, ನಿಜವಾಗಿ ಅದು ನಾನ್-ಮೆಲನೋಮ ಸ್ಕಿನ್ ಕ್ಯಾನ್ಸರ್, ಕಪ್ಪು ಅಂತ ಹೇಳೋದು ಮೆಲನೋಮಕ್ಕೆ, ಚರ್ಮಕ್ಕೆ ಬಣ್ಣ ಕೊಡೋ ಕೋಶಗಳಲ್ಲಿ ಹುಟ್ಟೋ ಕ್ಯಾನ್ಸರ್‌ಗೆ. ಪ್ಲಾಟೆನ್‌ಎಪಿಟೇಲ್‌ಕಾರ್ಟ್ಸಿನೋಮ್ ಅನ್ನೋದು ಸ್ಕ್ವೇಮಸ್ ಸೆಲ್ ಕಾರ್ಸಿನೋಮ, ನಮ್ಮ ಕಡೆ ಗುಟ್ಕಾ ಹೊಗೆಸೊಪ್ಪಿನ ಬಾಯಿ ಕ್ಯಾನ್ಸರ್ ಫೈಲ್‌ಗಳಲ್ಲಿ ಹೆಚ್ಚಾಗಿ ಬರೋದು ಇದೇ, ಅಲ್ಲಿನ ಬಕಲ್ ಮ್ಯುಕೋಸ, ಅಂದ್ರೆ ಕೆನ್ನೆ ಒಳಗಿನ ಪೊರೆ, ಇಲ್ಲಿ ವಾಂಗೆನ್‌ಷ್ಲೈಮ್‌ಹೌಟ್, ವಾಂಗೆ ಅಂದ್ರೆ ಕೆನ್ನೆ. ಆಬ್ಲಾಟ್ಸಿಯೋ ಮಾಮ್ಮೇ ಅಂತ ಬಂದ್ರೆ ಅದು ಮಾಸ್ಟೆಕ್ಟಮಿ, ಸ್ತನ ತೆಗೆದಿರೋದು. ಅಬ್ಲೇಶನ್ ಅಂತ ಬರೆದ್ರೆ ಶಾಖ ಕೊಟ್ಟು ಗಡ್ಡೆ ಸುಟ್ಟಿದಾರೆ ಅಂತ ತಿಳೀತಾರೆ.

ಸಂಕ್ಷಿಪ್ತ ಅಕ್ಷರಗಳ ವಿಷಯಕ್ಕೆ ಬಂದ್ರೆ ನಂಗೆ ಜರ್ಮನ್ ಡಾಕ್ಟ್ರುಗಳ ಮೇಲೆ ನಿಜವಾಗ್ಲೂ ಸಿಟ್ಟು. ಎಂ.ಆರ್.ಟಿ. ಅಂದ್ರೆ ನಮ್ಮ ಎಂಆರ್‌ಐ, ಅದು ಸುಲಭ. ಝಡ್.ಎನ್. ಅಂದ್ರೆ ಟ್ಸುಷ್ಟಾಂಡ್ ನಾಖ್, ಇಂಥದ್ದು ಆದ ಮೇಲಿನ ಸ್ಥಿತಿ, ಇಂಗ್ಲಿಷ್‌ನ ಸ್ಟೇಟಸ್ ಪೋಸ್ಟ್. ಓ.ಬಿ. ಅಂದ್ರೆ ಓನೆ ಬೆಫುಂಡ್, ತೊಂದರೆ ಏನೂ ಕಾಣ್ಲಿಲ್ಲ ಅಂತ. ಬೆಫುಂಡ್ ಅಂದ್ರೆ ರಿಪೋರ್ಟ್ ಅನ್ನೋ ಅರ್ಥಾನೂ ಇರೋದ್ರಿಂದ ಇದನ್ನ ರಿಪೋರ್ಟ್ ಇಲ್ಲ ಅಂತ ಮಾಡಿ, ಕಾಣೆಯಾದ ರಿಪೋರ್ಟ್‌ಗೆ ಮನೆಯೆಲ್ಲ ಹುಡುಕ್ಸಿದ ಪುಣ್ಯಾತ್ಮರಿದಾರೆ. ಪಿ.ಇ. ಅಂದ್ರೆ ಜರ್ಮನ್‌ನಲ್ಲಿ ಪರೀಕ್ಷೆಗೆ ಅಂತ ಒಂದು ಚೂರು ಕತ್ತರಿಸಿ ತೆಗೆಯೋದು, ಇಂಗ್ಲಿಷ್‌ನಲ್ಲಿ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳೋದು, ಅದು ಜರ್ಮನ್‌ನಲ್ಲಿ ಎಲ್.ಇ. ಕೆ.ಎಂ. ಅಂದ್ರೆ ಕಾಂಟ್ರಾಸ್ಟ್ ಮದ್ದೂ ಆಗ್ಬಹುದು, ಮೂಳೆಮಜ್ಜೇನೂ ಆಗ್ಬಹುದು. ಸ್ಕ್ಯಾನ್ ರಿಪೋರ್ಟ್‌ನಲ್ಲಿ ಕೆ.ಎಂ. ಔಫ್‌ನಾಮೆ ಅಂದ್ರೆ ಕಾಂಟ್ರಾಸ್ಟ್ ಹೀರ್ಕೊಂಡಿದೆ, ರಕ್ತದ ಕ್ಯಾನ್ಸರ್ ಫೈಲ್‌ನಲ್ಲಿ ಕೆ.ಎಂ. ಪುಂಕ್ಟ್ಸಿಯೋನ್ ಅಂದ್ರೆ ಮಜ್ಜೆ ತೆಗ್ದಿರೋದು. ಎಂ.ಎಂ. ಮೈಲೋಮಾನೂ ಹೌದು ಮೆಲನೋಮಾನೂ ಹೌದು.

ಪತ್ರದ ಕೊನೆಗೆ ಸಹಿ ಹತ್ರ ಇನ್ನೊಂದು ತಮಾಷೆ. ಪಿ.ಡಿ. ಡಾ. ಅಂತ ಇದ್ರೆ ಅದು ಪ್ರಿವಾಟ್‌ಡೊಟ್ಸೆಂಟ್ ಅನ್ನೋ ಯೂನಿವರ್ಸಿಟಿ ಬಿರುದು, ಪ್ರೋಗ್ರೆಸಿವ್ ಡಿಸೀಸ್ ಅಲ್ಲ. ಸಿ.ಎ. ಅಂದ್ರೆ ಶೆಫ್‌ಆರ್ಟ್ಸ್‌ಟ್, ವಿಭಾಗದ ದೊಡ್ಡ ಡಾಕ್ಟ್ರು, ಕ್ಯಾನ್ಸರ್ ಅಲ್ಲ. ಐ.ವಿ. ಅಂತ ಸಹಿ ಮುಂದೆ ಇದ್ರೆ ಅವರ ಪರವಾಗಿ ಸಹಿ ಹಾಕಿದೀನಿ ಅಂತ, ಸಹಿಯನ್ನ ಯಾರೂ ನರಕ್ಕೆ ಚುಚ್ಚಿಲ್ಲ.

ಹಾಗಂತ ನಮ್ಮ ಕಡೆ ಫೈಲ್‌ಗಳೇನು ಕಡಿಮೆ ಇಲ್ಲ ಬಿಡಿ. ಆರ್.ಟಿ. ಅನ್ನೋದನ್ನೇ ತಗೊಳಿ, ಒಂದೇ ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಕಡೆ ಬಲ, ಇನ್ನೊಂದು ಕಡೆ ರೇಡಿಯೋಥೆರಪಿ, ಅಂದ್ರೆ ನಮ್ಮ ಹಳ್ಳಿ ಕಡೆ ಕರೆಂಟ್ ಕೊಡೋದು ಅಂತಾರಲ್ಲ ಅದು, ಮೂರನೇ ಕಡೆ ಆರ್.ಟಿ. ಫೀಡ್ಸ್ ಅಂತ ಬಂದ್ರೆ ಮೂಗಿಂದ ಹೊಟ್ಟೆಗೆ ಹಾಕಿರೋ ರೈಲ್ಸ್ ಟ್ಯೂಬ್‌ನಲ್ಲಿ ಕೊಡೋ ಊಟ. ಜರ್ಮನ್‌ನಲ್ಲಿ ಅದು ಮಾಗೆನ್‌ಸೋಂಡೆ. ಎಸ್.ಓ.ಎಸ್. ಅಂತ ಮಾತ್ರೆ ಪಕ್ಕ ಬರ್ದಿದ್ರೆ ಬೇಕಾದಾಗ ಮಾತ್ರ ತಗೊಳಿ ಅಂತ, ಜರ್ಮನ್‌ನಲ್ಲಿ ಬೈ ಬೆಡಾರ್ಫ್. ಅದನ್ನ ಹಾಗೇ ಬಿಟ್ರೆ ಜರ್ಮನ್ ನರ್ಸ್ ಯಾರೋ ಹಡಗಿಂದ ಸಹಾಯಕ್ಕೆ ಕೂಗ್ತಿದಾರೆ ಅಂದ್ಕೋಬೇಕು. ಯು.ಎಸ್.ಜಿ., ಅಂದ್ರೆ ಅಲ್ಟ್ರಾಸೌಂಡ್, ಇಲ್ಲಿ ಸೊನೊಗ್ರಾಫೀ, ಎಫ್.ಎನ್.ಎ.ಸಿ., ಅಂದ್ರೆ ಸೂಜಿ ಹಾಕಿ ಕೋಶ ತೆಗೆದು ನೋಡೋದು, ಇಲ್ಲಿ ಫೈನ್‌ನಾಡೆಲ್‌ಪುಂಕ್ಟ್ಸಿಯೋನ್. ನಮ್ಮ ಬ್ರ್ಯಾಂಡ್ ಹೆಸರು ಇಲ್ಲಿ ಯಾರಿಗೂ ಗೊತ್ತಾಗಲ್ಲ, ಸ್ಟ್ರಿಪ್ ತಿರುಗಿಸಿ ಅದರ ಮೂಲ ಔಷಧದ ಹೆಸರನ್ನೇ ಬರೀರಿ, ಅದು ಎರಡೂ ಭಾಷೆಯಲ್ಲಿ ಬಹುತೇಕ ಒಂದೇ. ಖುಷಿ ವಿಷ್ಯ ಅಂದ್ರೆ ಬೆಳಿಗ್ಗೆ-ಮಧ್ಯಾಹ್ನ-ರಾತ್ರಿ 1-0-1 ಅನ್ನೋ ಲೆಕ್ಕ ಎರಡೂ ದೇಶದಲ್ಲಿ ಇದೆ, ಜರ್ಮನ್‌ನೋರು ಮಲಗೋ ಹೊತ್ತಿಗೆ ಅಂತ ನಾಲ್ಕನೇ ಅಂಕಿ ಒಂದು ಸೇರಿಸ್ತಾರೆ ಕೆಲವು ಸಲ.

ಅಂಕಿ ಅಂದೆ, ದಯವಿಟ್ಟು ಇಲ್ಲಿ ಚಹಾ ಕುಡಿದು ಬಂದು ಓದಿ. ಜರ್ಮನ್‌ನಲ್ಲಿ ಕಾಮಾ ಅಂದ್ರೆ ದಶಾಂಶ, ಚುಕ್ಕಿ ಅಂದ್ರೆ ಸಾವಿರ. 1,5 ಸೆಂಟಿಮೀಟರ್ ಅಂದ್ರೆ ಒಂದೂವರೆ. ಟೈಪ್ ಮಾಡೋವಾಗ ಕಾಮಾ ಹಾರಿಹೋಗಿ 15 ಆಯ್ತು ಅಂದ್ಕೊಳಿ, ಗಡ್ಡೆ ಗಾತ್ರದ ದರ್ಜೆಯಲ್ಲಿ ಸ್ತನದ ಗಡ್ಡೆ 2 ಸೆಂಟಿಮೀಟರ್ ಒಳಗಿದ್ರೆ ಟಿ1, 5 ದಾಟಿದ್ರೆ ಟಿ3, ಒಂದು ಕಾಮಾದಲ್ಲಿ ಎಲ್ಲಿಂದ ಎಲ್ಲಿಗೋ ಹೋಯ್ತು. ಪ್ಲೇಟ್‌ಲೆಟ್ ಲೆಕ್ಕಾನೂ ಹಾಗೇ. ಜರ್ಮನ್ ಲ್ಯಾಬ್ 85 ಗೀಗಾ ಪ್ರತಿ ಲೀಟರ್ ಅಂತ ಕೊಡುತ್ತೆ, ಅಂದ್ರೆ ಒಂದು ಮೈಕ್ರೋಲೀಟರ್‌ಗೆ 85,000, ನಮ್ಮ ರಿಪೋರ್ಟ್ ಭಾಷೆಯಲ್ಲಿ 0.85 ಲಕ್ಷ. ಲಕ್ಷ ಅನ್ನೋ ಪದ ಜರ್ಮನ್ ಡಾಕ್ಟ್ರಿಗೆ ಗೊತ್ತಿಲ್ಲ, 1.2 ಲಕ್ಷ ಅಂತಿದ್ರೆ 120.000 ಅಂತ ಚುಕ್ಕಿ ಇಟ್ಟು ಬರೀರಿ. ಯೂನಿಟ್ ಬದಲಾಯಿಸಿದ್ರೆ ಮೂಲ ಅಂಕೀನೂ ಪಕ್ಕದಲ್ಲಿ ಬಿಡಿ. ತಾರೀಕಲ್ಲಿ ತಿಂಗಳನ್ನ ಅಕ್ಷರದಲ್ಲೇ ಹಾಕಿ, ಕಾಗದ ಅಮೆರಿಕದಲ್ಲಿರೋ ಅಳಿಯನ ಕೈಗೆ ಹೋದ್ರೂ 4ನೇ ಮೇ 5ನೇ ಏಪ್ರಿಲ್ ಆಗಲ್ಲ.

ಇದಕ್ಕಿಂತ ಕಳ್ಳ ಅಂಕಿ ಒಂದಿದೆ. ಸ್ತನ ಕ್ಯಾನ್ಸರ್‌ನಲ್ಲಿ ಹಾರ್ಮೋನ್ ರಿಸೆಪ್ಟರ್, ಅಂದ್ರೆ ಗಡ್ಡೆಯ ಕೋಶದಲ್ಲಿ ಹಾರ್ಮೋನ್ ಹಿಡಿದುಕೊಳ್ಳೋ ಜಾಗ, ನೋಡ್ತಾರಲ್ಲ, ಜರ್ಮನಿಯಲ್ಲಿ ಅದಕ್ಕೆ ಐ.ಆರ್.ಎಸ್. ಅನ್ನೋ ಸ್ಕೋರ್ ಬಳಸ್ತಾರೆ, ಅದು 12ರವರೆಗೆ ಹೋಗುತ್ತೆ. ಇಂಗ್ಲಿಷ್ ರಿಪೋರ್ಟ್‌ಗಳಲ್ಲಿ ಆಲ್‌ರೆಡ್ ಸ್ಕೋರ್ ಇರುತ್ತೆ, ಅದರ ತುದಿ 8. ಜರ್ಮನ್ ಕಾಗದದ 8ನ್ನ ಬರೀ ಸ್ಕೋರ್ 8 ಅಂತ ಬರ್ದ್ರೆ ಬೆಂಗಳೂರಲ್ಲಿ ಪೂರ್ತಿಗೆ ಪೂರ್ತಿ ಅಂತ ಓದ್ಕೋತಾರೆ. ಗರ್ಭಕಂಠದ ಪ್ಯಾಪ್ ಟೆಸ್ಟ್‌ಗೂ ಜರ್ಮನಿಯಲ್ಲಿ ಮ್ಯೂನಿಕ್ ನೊಮೆನ್‌ಕ್ಲೇಚರ್ ಅಂತ ಬೇರೆ ಪದ್ಧತಿ, ಇಂಗ್ಲಿಷ್ ರಿಪೋರ್ಟ್‌ಗಳಲ್ಲಿ ಬರೋ ಬೆಥೆಸ್ಡಾ ಪದ್ಧತಿ ಥರ ಅಲ್ಲ. ಇಂಥ ಕಡೆ ಪರಿವರ್ತನೆ ನಿಮ್ಮ ಕೆಲಸ ಅಲ್ಲ, ಸ್ಕೋರ್‌ನ ಹೆಸರು, ಅಂಕಿ, ಎಷ್ಟಕ್ಕೆ ಎಷ್ಟು, ಇಷ್ಟನ್ನೂ ಹಾಗೇ ಇಟ್ಟುಬಿಡಿ. ಟಿ.ಎನ್.ಎಂ., ಅಂದ್ರೆ ಗಡ್ಡೆ, ಲಿಂಫ್ ಗಂಟು, ಮೆಟಾಸ್ಟಾಸಿಸ್ ಈ ಮೂರನ್ನ ಹೇಳೋ ಕೋಡ್, ಅದನ್ನ ಕೂಡ ಮುಟ್ಟೋ ಹಾಗಿಲ್ಲ, ಅದು ಪ್ರಪಂಚಕ್ಕೆಲ್ಲ ಒಂದೇ, ಮುಂದಿರೋ ಪಿ, ಸಿ, ವೈ ಅನ್ನೋ ಸಣ್ಣಕ್ಷರಗಳನ್ನ ಮಾತ್ರ ಉದುರಿಸ್ಬೇಡಿ. ಸ್ಟೇಜ್ ಅಂದ್ರೆ ಷ್ಟಾಡಿಯುಮ್, ಎಷ್ಟು ಹರಡಿದೆ ಅನ್ನೋದು, ಗ್ರೇಡ್ ಅಂದ್ರೆ ಜಿ1 ಜಿ2 ಜಿ3, ಕೋಶಗಳು ಎಷ್ಟು ಕೆಟ್ಟಿವೆ ಅನ್ನೋದು. ಫೋನಲ್ಲಿ ನಮ್ಮೋರು ಜಿ3 ನೋಡಿ ಮೂರನೇ ಸ್ಟೇಜ್ ಅಂತೆ ಅಂತ ಅಳೋದು ಎಷ್ಟು ಸಲ ಕೇಳಿದೀನೋ.

ಪದ ಎಲ್ಲಿ ಹುಡುಕೋದು ಅಂತ ಕೇಳ್ತಾರೆ ಎಲ್ರೂ. ಸಾದಾ ಡಿಕ್ಷನರಿ ನಂಬ್ಬೇಡಿ. ನನ್ನ ಅತಿ ಪ್ರೀತಿಯ ಉಪಾಯ ಯುರೋಪಿನ ಔಷಧ ಸಂಸ್ಥೆ ಇದ್ಯಲ್ಲ, ಇ.ಎಂ.ಎ., ಅದರ ವೆಬ್‌ಸೈಟ್. ಅವರ ಮೂಲಕ ಒಪ್ಪಿಗೆ ಸಿಕ್ಕ ಔಷಧಗಳ ಮಾಹಿತಿ ಇಂಗ್ಲಿಷ್‌ನಲ್ಲೂ ಜರ್ಮನ್‌ನಲ್ಲೂ ಸಿಗುತ್ತೆ, ವಿಭಾಗದ ನಂಬರ್ ಎರಡರಲ್ಲೂ ಒಂದೇ. ಸ್ತನ ಕ್ಯಾನ್ಸರ್‌ಗೆ ಕೊಡೋ ಟ್ರಾಸ್ಟುಜುಮ್ಯಾಬ್ ಅನ್ನೋ ಔಷಧದ ಎರಡೂ ಫೈಲ್ ಪಕ್ಕಪಕ್ಕ ತೆಗೆದು 4.8ಕ್ಕೆ ಹೋಗಿ, ಸೈಡ್ ಎಫೆಕ್ಟ್ ಪದಗಳು ಸಾಲು ಸಾಲಾಗಿ ಎದುರುಬದುರು ನಿಂತಿರುತ್ವೆ, ನೇಬೆನ್‌ವಿರ್ಕುಂಗೆನ್ ಅನ್ನೋ ತಲೆಬರಹದ ಕೆಳಗೆ. ಅಲ್ಲೇ ಗೊತ್ತಾಗೋ ಇನ್ನೊಂದು ವಿಷ್ಯ, ಹೊಯ್ಫಿಶ್ ಅಂದ್ರೆ ಕಾಮನ್, ಗೆಲೇಗೆನ್‌ಟ್ಲಿಶ್ ಅಂದ್ರೆ ಅನ್‌ಕಾಮನ್, ಡಿಕ್ಷನರಿ ಅದನ್ನ ಅಕೇಶನಲ್ ಅನ್ನುತ್ತೆ, ಆದ್ರೆ ಔಷಧದ ಕಾಗದದಲ್ಲಿ ಅದಕ್ಕೆ 1000ದಲ್ಲಿ ಒಬ್ಬರಿಂದ 100ರಲ್ಲಿ ಒಬ್ಬರವರೆಗೆ ಅಂತ ಲೆಕ್ಕ ಕಟ್ಟಿಟ್ಟಿದಾರೆ.

ಕಾಯಿಲೆ ಬಗ್ಗೆ ಸರಳ ಜರ್ಮನ್ ಬೇಕಂದ್ರೆ ಡಾಯ್ಚೆ ಕ್ರೆಬ್ಸ್‌ಹಿಲ್ಫೆಯ ನೀಲಿ ಪುಸ್ತಿಕೆಗಳು ಚೆನ್ನಾಗಿವೆ, ಬಿಟ್ಟಿ ಸಿಗುತ್ವೆ, 1974ರಲ್ಲಿ ಮಿಲ್ಡ್ರೆಡ್ ಷೇಲ್ ಅನ್ನೋ ಡಾಕ್ಟ್ರು ಶುರು ಮಾಡಿದ ಸಂಸ್ಥೆ ಅದು. ಹೈಡೆಲ್‌ಬರ್ಗ್‌ನ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಕ್ರೆಬ್ಸ್‌ಇನ್‌ಫೊರ್ಮಾಟ್ಸಿಯೋನ್ಸ್‌ಡೀನ್‌ಸ್ಟ್‌ಗೆ ಫೋನ್ ಮಾಡಿ ಕೇಳ್ಬಹುದು, ದುಡ್ಡಿಲ್ಲ. ಪದಕ್ಕೆ ಅನುಮಾನ ಬಂದ್ರೆ ಕಾಗದದ ಮೂಲೆಯಲ್ಲಿರೋ ಐಸಿಡಿ ಕೋಡ್, ಅಂದ್ರೆ ಕಾಯಿಲೆಗಳಿಗೆ ಇಟ್ಟಿರೋ ಅಂತರರಾಷ್ಟ್ರೀಯ ನಂಬರ್, ನೋಡಿ, ಸಿ50 ಸ್ತನ, ಸಿ53 ಗರ್ಭಕಂಠ, ಸಿ34 ಶ್ವಾಸಕೋಶ, ಅದು ಭಾಷೆ ಬದಲಾದ್ರೂ ಬದಲಾಗಲ್ಲ. ಹೊರಗಿನ ಡಾಕ್ಟ್ರ ಪ್ರಾಕ್ಸಿಸ್‌ನಿಂದ, ಅಂದ್ರೆ ಕ್ಲಿನಿಕ್‌ನಿಂದ, ಬಂದ ಕಾಗದವಾದ್ರೆ ಕೋಡ್ ಆದ್ಮೇಲೆ ಒಂದು ಅಕ್ಷರ ಇರುತ್ತೆ: ಜಿ ಇದ್ರೆ ಖಚಿತ, ವಿ ಇದ್ರೆ ಅನುಮಾನ, ಎ ಇದ್ರೆ ಅಲ್ಲ ಅಂತ ಗೊತ್ತಾಗಿದೆ, ಝಡ್ ಇದ್ರೆ ಹಿಂದೆ ಇತ್ತು. ಸಿ50 ನೋಡಿದ ತಕ್ಷಣ ಕುಸಿಯೋ ಮುಂಚೆ ಆ ಅಕ್ಷರ ನೋಡಿ.

ಮಷೀನ್ ಟ್ರಾನ್ಸ್‌ಲೇಶನ್ ನಾನೂ ಬಳಸ್ತೀನಿ, ಸುಳ್ಳು ಹೇಳಲ್ಲ, ಮೊದಲ ಕರಡಿಗೆ ಅಷ್ಟೇ. ಹಾಕೋ ಮುಂಚೆ ಹೆಸರು, ಹುಟ್ಟಿದ ತಾರೀಕು, ವಿಳಾಸ, ಇನ್ಶೂರೆನ್ಸ್ ನಂಬರ್ ಎಲ್ಲ ಅಳಿಸಿ. ಸಂಕ್ಷಿಪ್ತ ಅಕ್ಷರಗಳನ್ನ ನೀವೇ ಬಿಡಿಸಿ ಬರ್ದು ಆಮೇಲೆ ಕೊಡಿ, ಇಲ್ಲಾಂದ್ರೆ ಮೇಲೆ ಹೇಳಿದ ಪಿ.ಇ. ಕೆ.ಎಂ. ಎಲ್ಲ ಅದರ ಬಾಯಿಗೆ ಬಂದಂಗೆ ಆಗ್ತವೆ.

ಕೆಲವು ಪದಕ್ಕೆ ಆಚೆ ಕಡೆ ಜೋಡೀನೇ ಇಲ್ಲ. ಹೈಲುಂಗ್ಸ್‌ಬೆವೇರುಂಗ್ ಅಂತ ಒಂದಿದೆ, ಟ್ರೀಟ್‌ಮೆಂಟ್ ಆದ್ಮೇಲೆ ಕಾಯಿಲೆ ಮತ್ತೆ ಬರುತ್ತಾ ಅಂತ ಕಾದು ನೋಡೋ ಅವಧಿ, ಹೆಚ್ಚಾಗಿ 5 ವರ್ಷ, ಅಷ್ಟು ಕಾಲ ಅಂಗವಿಕಲತೆ ಪ್ರಮಾಣ ಹೆಚ್ಚಾಗೇ ಇಟ್ಟಿರ್ತಾರೆ. ಇಂಥದ್ದಕ್ಕೆ ಜರ್ಮನ್ ಪದಾನೇ ಇಟ್ಟು ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಡಿ, ಹೊಸ ಪದ ಹುಟ್ಟಿಸೋಕೆ ಹೋಗ್ಬೇಡಿ. ಸರ್ಕಾರಿ ಕಚೇರಿಗೆ ಕೊಡೋ ಕಾಗದವಾದ್ರೆ ಪ್ರಮಾಣ ಮಾಡಿರೋ ಅನುವಾದಕರ ಸೀಲ್ ಕೇಳ್ಬಹುದು, ಡಾಕ್ಟ್ರಿಗೆ ಸಾಮಾನ್ಯವಾಗಿ ಅದು ಬೇಡ. ಇಲ್ಲಿನ ಎಷ್ಟೋ ಆಂಕಾಲಜಿಸ್ಟ್‌ಗಳಿಗೆ ಇಂಗ್ಲಿಷ್ ಓದೋಕೆ ಬರುತ್ತೆ, ಮೊದ್ಲು ಕೇಳಿ, ನೂರು ಪೇಜ್ ಅನುವಾದ ಮಾಡಿಸಿ ದುಡ್ಡು ಸುರಿಯೋ ಬದಲು ಬಯಾಪ್ಸಿ ರಿಪೋರ್ಟ್, ಆಪರೇಶನ್ ನೋಟ್, ಕೊನೇ ಸ್ಕ್ಯಾನ್, ಕೀಮೋ ಪಟ್ಟಿ ಇಷ್ಟು ಸಾಕಾಗ್ಬಹುದು. ಅನುವಾದದ ಜೊತೆ ಮೂಲ ಕಾಗದ ಯಾವತ್ತೂ ಇರ್ಲಿ.

ಕೊನೇ ಪರೀಕ್ಷೆ ಒಬ್ಬರೇ ಮಾಡ್ಬೇಡಿ. ಇನ್ನೊಬ್ರು ಮೂಲದಿಂದ ಬಲ-ಎಡ, ಅಂಕಿ, ತಾರೀಕು, ಅನುಮಾನದ ಪದ ಇಷ್ಟನ್ನ ಮಾತ್ರ ಜೋರಾಗಿ ಓದ್ಲಿ, ನೀವು ನಿಮ್ಮ ಕಾಪಿ ಮೇಲೆ ಬೆರಳಿಟ್ಟು ಬನ್ನಿ. ಮಂಡ್ಯ ಹುಡುಗನೂ ನಾನೂ ಈಗ ಹಾಗೇ ಮಾಡೋದು, ಫೋನಲ್ಲಿ ಅವನು ಜರ್ಮನ್ ಓದ್ತಾನೆ, ನಾನು ಇಂಗ್ಲಿಷ್ ನೋಡ್ತೀನಿ. ಮೊನ್ನೆ ಸ್ಕ್ಯಾನ್‌ನಲ್ಲಿ ಗ್ರ್ಯೋಸೆನ್‌ಕೊನ್‌ಸ್ಟಾಂಟ್ ಅಂತ ಬಂತು. ಒಂದು ಕ್ಷಣ ಸುಮ್ನಿದ್ದು ಅವನೇ ಅಂದ, "ಅಣ್ಣಾ, ಇದು ಗಾತ್ರ ಹಂಗೇ ಇದೆ ಅಂತ ತಾನೆ? ಚಿಕ್ಕದಾಗಿದೆ ಅಂತ ಅಲ್ಲ." "ಹೂಂ ಕಣಪ್ಪ, ಹಂಗೇ ಇದೆ ಅಂತ" ಅಂದೆ. "ಸರಿ, ಅತ್ತೆ ಮಾವಂಗೂ ಅಷ್ಟೇ ಹೇಳ್ತೀನಿ" ಅಂತ ಮುಂದಿನ ಸಾಲಿಗೆ ಹೋದ.